ವಿಮೆಯ ದುಡ್ಡಲ್ಲಿ ಮನೆ ರಿಪೇರಿ: ಗೌಂಡಿಯೋ, ಗುತ್ತಿಗೆದಾರನೋ, ‘ಕ್ಲೈಮ್ ಸಮೇತ’ ಮಾಡಿಕೊಡುವವನೋ?

ಬೆಳಗಾವಿಯಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಯಾರದಾದರೂ ಮನೆಯ ಹಂಚು ಹಾರಿರುತ್ತದೆ, ಯಾರದೋ ಕಾಂಪೌಂಡ್ ಕುಸಿದಿರುತ್ತದೆ, ಟಿಳಕವಾಡಿಯಲ್ಲೋ ಕ್ಯಾಂಪ್‌ನಲ್ಲೋ ಒಂದು ಹಳೇ ಮರ ಯಾರದೋ ಮನೆ ಮೇಲೆ ಮಲಗಿರುತ್ತದೆ. ಅದರಲ್ಲಿ ಕೆಲವರಿಗೆ ಮನೆ ವಿಮೆ ಇರುತ್ತದೆ. ಇದೆ ಅಂತ ಗೊತ್ತೇ ಇಲ್ಲದವರೂ ಇದ್ದಾರೆ. ಸಾಲ ಕೊಡುವಾಗ ಬ್ಯಾಂಕಿನವರು ಸಹಿ ಹಾಕಿಸಿಕೊಂಡ ಕಾಗದದ ಕಟ್ಟಿನೊಳಗೆ ಪಾಲಿಸಿಯೂ ಒಂದು ಕೂತಿರುತ್ತದೆ. ಹೋಮ್ ಲೋನ್ ಇದ್ದರೆ ಮೊದಲು ಆ ಕಟ್ಟು ಬಿಚ್ಚಿ ನೋಡಿ.

ವಿಮೆ ಇದೆ ಅಂತಾದ ಮೇಲೆ ಬರುವ ಪ್ರಶ್ನೆ, ಕೆಲಸಕ್ಕೆ ಯಾರನ್ನು ಕರೆಯೋದು? ಕಾರಿನ ವಿಮೆ ರೂಢಿ ಇರುವವರು ಇದೂ ಹಾಗೇ ಅಂದುಕೊಳ್ಳುತ್ತಾರೆ. ಗ್ಯಾರೇಜಿಗೆ ಗಾಡಿ ಬಿಟ್ಟರೆ ಮುಂದಿನದನ್ನು ಕಂಪನಿಯೂ ಗ್ಯಾರೇಜಿನವರೂ ಮಾತಾಡಿಕೊಳ್ಳುತ್ತಾರೆ ಅಲ್ವಾ? ಮನೆಗೆ ಸಾಮಾನ್ಯವಾಗಿ ಹಾಗಿಲ್ಲ. ಕೆಲಸದವರನ್ನು ಹುಡುಕೋದು, ಪಗಾರ ಕೊಡೋದು, ಬಿಲ್ಲು ಕೂಡಿಡೋದು ಎಲ್ಲ ನಿಮ್ಮದೇ. ಕಂಪನಿ ಆಮೇಲೆ ದುಡ್ಡು ಕೊಡುತ್ತದೆ, ಅದೂ ಸರ್ವೇಯರ್ (ನಷ್ಟ ಎಷ್ಟು ಅಂತ ನೋಡಲು ಕಂಪನಿ ಕಳಿಸುವವರು) ಒಪ್ಪಿದಷ್ಟು. ಹಾಗಾಗಿ ಸ್ವಂತ ದುಡ್ಡಿನ ರಿಪೇರಿಗೆ ‘ಕೈ ಚೆನ್ನಾಗಿದೆಯಾ, ರೇಟು ಸರಿಯಿದೆಯಾ’ ಅಂತ ಎರಡೇ ನೋಡಿದರೆ ಸಾಕು. ವಿಮೆಯ ರಿಪೇರಿಗೆ ಮೂರನೆಯದೂ ಬೇಕು: ಈ ಮನುಷ್ಯ ಯಾವ ಕಾಗದ ಕೊಡುತ್ತಾನೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಂಚು, ಗಿಲಾವ್ (ಗೋಡೆ ಪ್ಲಾಸ್ಟರ್), ಕಾಂಪೌಂಡಿನಂಥ ಸಣ್ಣ ಮತ್ತು ನಡುವಿನ ಕೆಲಸಕ್ಕೆ ಪರಿಚಯದ ಗೌಂಡಿಯೇ, ಅಂದರೆ ಗಾರೆ ಕೆಲಸದವನೇ, ಒಳ್ಳೆಯದು. ಆದರೆ ಸಾಮಾನು ನೀವೇ ಬಿಲ್ಲು ಹಾಕಿಸಿ ತರಬೇಕು. ಗೋಡೆ ಸೀಳಿದೆ, ಸ್ಲ್ಯಾಬ್ ಬಾಗಿದೆ, ಬೆಂಕಿಯಲ್ಲಿ ಬೆಂದಿದೆ ಅಂದರೆ ಮೊದಲು ಎಂಜಿನಿಯರ್, ಆಮೇಲೆ ಪಕ್ಕಾ ಬಿಲ್ಲು ಕೊಡುವ ಗುತ್ತಿಗೆದಾರ. ‘ಕ್ಲೈಮ್ ಎಲ್ಲ ನಂಗ ಬಿಡ್ರಿ ಸರ್’ ಅನ್ನುವವನಿಗೆ ಚಹಾ ಕುಡಿಸಿ ಕಳಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಯಾರನ್ನೂ ಕರೆಯುವ ಮೊದಲು

ಪಾಲಿಸಿ ಯಾವುದು ನೋಡಿ. 2021ರ ಏಪ್ರಿಲ್ 1ರಿಂದ ಮನೆಗಳಿಗೆ ‘ಭಾರತ್ ಗೃಹ ರಕ್ಷಾ’ ಅನ್ನುವ ಒಂದೇ ಮಾದರಿಯ ಪಾಲಿಸಿ ಬಂದಿದೆ. ಬೆಂಕಿ ಮತ್ತು ಅದಕ್ಕೆ ಸೇರಿದ ಅಪಾಯಗಳಿಗೆ ಮನೆ ವಿಮೆ ಮಾರುವ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಇದನ್ನು ಕೊಡಬೇಕು ಅಂತ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಯಮ ಮಾಡಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ, ಮರವೋ ಗಾಡಿಯೋ ಬಂದು ಬಡಿಯುವುದು, ನೀರಿನ ಟಾಕಿ ಅಥವಾ ಪೈಪು ಒಡೆಯುವುದು, ಇವೆಲ್ಲ ಇದರಲ್ಲಿ ಬರುತ್ತವೆ. ಕಟ್ಟಡಕ್ಕೆ ಹೊಸದಾಗಿ ಮೊದಲಿನಂತೆ ಕಟ್ಟಲು ಆಗುವ ಖರ್ಚು ಲೆಕ್ಕ, ಹಳೆಯದಾಯಿತು ಅಂತ ಸವಕಳಿ ಕಳೆಯುವುದಿಲ್ಲ. ಇದಲ್ಲದೆ ಎಂಜಿನಿಯರ್, ಆರ್ಕಿಟೆಕ್ಟ್ ಫೀ ಕ್ಲೈಮಿನ 5% ತನಕ, ಅವಶೇಷ ಎತ್ತಿ ಸಾಗಿಸುವ ಖರ್ಚು 2% ತನಕ ಸಿಗುತ್ತದೆ. ಈ ಎರಡು ಸಾಲು ನೆನಪಿಡಿ. ಕೆಲಸದವರನ್ನು ಆರಿಸುವಾಗ ಇವು ಉಪಯೋಗಕ್ಕೆ ಬರುತ್ತವೆ, ಆದರೂ ಇದನ್ನು ಕೇಳುವವರೇ ಕಡಿಮೆ.

ಬರದೇ ಇರುವುದು ಏನು? ವರ್ಷಾನುಗಟ್ಟಲೆ ಒಸರಿ ಬೂಷ್ಟು ಹಿಡಿದ ಗೋಡೆ, ಗೆದ್ದಲು ತಿಂದ ತೊಲೆ, ಹೊಸ ಮನೆ ಕೂರುವಾಗ ಬಿಡುವ ಸಣ್ಣ ಬಿರುಕು, ಕಟ್ಟಿದವನೇ ಕಳಪೆ ಕಟ್ಟಿದ್ದು. ಇಂಥದಕ್ಕೆ ಎಷ್ಟು ದೊಡ್ಡ ಗುತ್ತಿಗೆದಾರನ ಬಿಲ್ಲು ತಂದರೂ ದುಡ್ಡು ಬರುವುದಿಲ್ಲ.

ಆಮೇಲೆ ಕಂಪನಿಗೆ ತಕ್ಷಣ ತಿಳಿಸಿ, ಫೋಟೊ ವಿಡಿಯೊ ತೆಗೆಯಿರಿ. ಕ್ಲೈಮ್ ಫಾರ್ಮ್ ಕೊಡಲು ಈ ಪಾಲಿಸಿಯಲ್ಲಿ ನಷ್ಟ ಕಂಡ ದಿನದಿಂದ 30 ದಿನ ಸಮಯ. ಸರ್ವೇಯರ್ ನೋಡುವ ತನಕ ಪೂರ್ತಿ ರಿಪೇರಿ ಶುರು ಮಾಡಬೇಡಿ. ಹಾಗಂತ ಜುಲೈ ಮಳೆಯಲ್ಲಿ ಮಾಡು (ಛಾವಣಿ) ತೆರೆದಿಟ್ಟು ಕೂರಲೂ ಆಗುವುದಿಲ್ಲ. ನಷ್ಟ ಇನ್ನೂ ಜಾಸ್ತಿ ಆಗದಂತೆ ನೋಡಿಕೊಳ್ಳೋದು ನಿಮ್ಮದೇ ಹೊಣೆ, ಪಾಲಿಸಿಯೂ ಅದನ್ನೇ ಹೇಳುತ್ತದೆ. ತಾಡಪತ್ರಿ ಹೊದಿಸಿ, ಬಾಗಿದ ತೊಲೆಗೆ ಕಂಬ ಕೊಡಿ, ಆ ಖರ್ಚಿನ ಚೀಟಿ ಬೇರೆ ಇಡಿ. ಒಡೆದ ಹಂಚು, ಮುರಿದ ರೀಪು, ಸೀಳಿದ ಪೈಪು ಯಾವುದನ್ನೂ ಎಸೆಯಬೇಡಿ. ಕೆಲಸದವರು ಬಂದ ಕೂಡಲೇ ಮೊದಲು ಮಾಡೋದು ಅಂಗಳ ಸ್ವಚ್ಛ, ಅದಕ್ಕೇ ಈ ಮಾತು.

ಪರಿಚಯದ ಗೌಂಡಿ

ನಮ್ಮ ಕಡೆ ಬಹಳ ಮನೆಗಳಿಗೆ ಒಬ್ಬ ಗೌಂಡಿ ಇರುತ್ತಾನೆ. ಅಪ್ಪನ ಕಾಲದಲ್ಲಿ ಅವರಪ್ಪ ಬರುತ್ತಿದ್ದ, ಈಗ ಇವನು. ಮಿರಗದ ಮಳೆಗೆ ಮೊದಲು ಹಂಚು ಕೈಯಾಡಿಸಿ ಹೋಗುವವನೂ ಇವನೇ. ಶಹಾಪುರ, ವಡಗಾವಿಯ ಹಳೇ ಮನೆಗಳಲ್ಲಿ ಯಾವ ತೊಲೆ ಗಟ್ಟಿ, ಯಾವ ಗೋಡೆ ಮಣ್ಣಿನದು, ಎಲ್ಲಿ ಮೊದಲು ಸಿಮೆಂಟ್ ಮೆತ್ತಿದ್ದಾರೆ ಅನ್ನೋದು ಇವನಿಗೆ ಗೊತ್ತಿದ್ದಷ್ಟು ಯಾವ ಎಂಜಿನಿಯರಿಗೂ ಗೊತ್ತಿರುವುದಿಲ್ಲ. ಕೆಲಸದ ಗುಣದಲ್ಲಿ ಇವನಿಗೆ ನನ್ನ ಪೂರ್ತಿ ಅಂಕ.

ತೊಂದರೆ ಇರೋದು ಕಾಗದದಲ್ಲಿ. ದಿನದ ಪಗಾರಕ್ಕೆ ಬಂದರೆ ಕೊನೆಗೆ ಉಳಿಯೋದು ಒಂದು ಸಣ್ಣ ನೋಟುಬುಕ್ಕು. ಅದರಲ್ಲಿ ‘ಸೋಮವಾರ 2 ಗೌಂಡಿ 3 ಆಳು’ ಅಂತ ಬರೆದಿರುತ್ತದೆ, ಅಷ್ಟೇ. ಸರ್ವೇಯರ್‌ಗೆ ಇದರಿಂದ ಏನೂ ತಿಳಿಯುವುದಿಲ್ಲ. ಎಷ್ಟು ಚದರಡಿ ಗಿಲಾವ್ ಆಯಿತು, ಎಷ್ಟು ಬ್ರಾಸ್ (ನೂರು ಘನ ಅಡಿಯ ಅಳತೆ) ಕಟ್ಟಡ ಆಯಿತು ಅನ್ನೋದು ಅವರಿಗೆ ಬೇಕು. ಅವರು ಲೆಕ್ಕ ಹಾಕೋದೇ ಅಳತೆ ಗುಣಿಸು ದರ ಅಂತ. ಅಳತೆ ಇಲ್ಲದಿದ್ದರೆ ಅವರ ಅಂದಾಜೇ ಅಂತಿಮ.

ಹಾಗಾಗಿ ಗೌಂಡಿಯನ್ನು ದಿನದ ಪಗಾರಕ್ಕಿಂತ ಲೇಬರ್ ಗುತ್ತಿಗೆಗೆ ಒಪ್ಪಿಸಿ. ಅಂದರೆ ಕೂಲಿ ಅವನದು, ಅಳತೆ ಪ್ರಕಾರ. ಸಾಮಾನು ನಿಮ್ಮದು. ಸಿಮೆಂಟು, ಉಸುಕು, ಇಟ್ಟಂಗಿ, ಹಂಚು, ಪತ್ರಾ (ತಗಡಿನ ಶೀಟು) ಎಲ್ಲವನ್ನೂ ನಿಮ್ಮ ಹೆಸರಲ್ಲಿ ಜಿಎಸ್‌ಟಿ ಬಿಲ್ಲಿನ ಮೇಲೆ ತನ್ನಿ. ‘ಕಚ್ಚಾ ಬಿಲ್ ಆದ್ರ ಕಡಿಮಿ ಬೀಳ್ತದ ನೋಡ್ರಿ’ ಅಂತ ಅಂಗಡಿಯವರು ಹೇಳುತ್ತಾರೆ. ಸ್ವಂತ ದುಡ್ಡಿನ ಕೆಲಸ ಅಂತ ಆ ಆಸೆಗೆ ಬೀಳುವವರಿದ್ದಾರೆ. ಇಲ್ಲಿ ಅದು ಲೆಕ್ಕಕ್ಕೂ ಹೊಂದುವುದಿಲ್ಲ. ಸಿಮೆಂಟಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 28%ರಿಂದ 18%ಕ್ಕೆ ಇಳಿದಿದೆ. ಆ 18% ಉಳಿಸಲು ಹೋಗಿ ಇಡೀ ಚೀಟಿಯೇ ಕ್ಲೈಮಿನಲ್ಲಿ ನಿಲ್ಲದಂತೆ ಮಾಡಿಕೊಳ್ಳೋದು ಯಾವ ಜಾಣತನ?

ಕೂಲಿಗೆ ಗೌಂಡಿ ಜಿಎಸ್‌ಟಿ ಬಿಲ್ಲು ಕೊಡಲಾರ. ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ನೋಂದಣಿಯೇ ಬೇಕಿಲ್ಲ, ಅದು ಕಾನೂನಿನ ಪ್ರಕಾರವೇ ಸರಿ. ಅವನ ಹೆಸರು, ವಿಳಾಸ, ಮೊಬೈಲ್ ನಂಬರ್, ಮಾಡಿದ ಕೆಲಸದ ಅಳತೆ, ದರ, ಒಟ್ಟು ಮೊತ್ತ, ಸಹಿ, ಇಷ್ಟಿರುವ ರಸೀದಿ ಬರೆಸಿಕೊಂಡು ದುಡ್ಡನ್ನು ಯುಪಿಐನಲ್ಲೋ ಚೆಕ್ಕಿನಲ್ಲೋ ಕೊಡಿ. ರಸೀದಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಎರಡೂ ಹೊಂದಿದರೆ ಸರ್ವೇಯರ್‌ಗೂ ತಕರಾರು ತೆಗೆಯಲು ಜಾಗ ಕಡಿಮೆ. ನಮ್ಮೂರಲ್ಲಿ ಇನ್ನೊಂದು ವಿಷಯ, ಬಹಳ ಗೌಂಡಿಗಳ ಬರಹ ಮರಾಠಿಯಲ್ಲಿ. ಕನ್ನಡವೋ ಮರಾಠಿಯೋ ಬರೆಯಲಿ ಬಿಡಿ, ಅಂಕಿ ಅಳತೆ ಸ್ಪಷ್ಟ ಇರಲಿ. ಪಕ್ಕದಲ್ಲಿ ನೀವೇ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಇಬ್ಬರೂ ಸಹಿ ಮಾಡಿದರೆ ಆಯಿತು.

ಹಂಚು ಕೈಯಾಡಿಸಿದ ಹಳೇ ರಸೀದಿಗಳಿದ್ದರೆ ಅವನ್ನೂ ಹುಡುಕಿಡಿ. ‘ಇದು ಗಾಳಿಗೆ ಹೋದದ್ದಲ್ಲ, ನೋಡಿಕೊಳ್ಳದೆ ಹಾಳಾದದ್ದು’ ಅನ್ನುವ ಮಾತು ಬಂದಾಗ ಪ್ರತಿ ವರ್ಷ ಮೇ ತಿಂಗಳಲ್ಲಿ ರಿಪೇರಿ ಮಾಡಿಸಿದ್ದಕ್ಕೆ ಅದೇ ಸಾಕ್ಷಿ.

ಒಂದು ಮಾತು ಬಿಡಬಾರದು. ಮಾಡಿನ ಮೇಲೆ ಹತ್ತುವವನು ಜಾರಿ ಬಿದ್ದರೆ? ನಿಮ್ಮ ಮನೆ ವಿಮೆ ಅವನ ಆಸ್ಪತ್ರೆ ಖರ್ಚು ಕೊಡುತ್ತದೆ ಅಂದುಕೊಳ್ಳಬೇಡಿ. ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಇದ್ದವರಿಗೆ ಅಪಘಾತಕ್ಕೆ ಮಂಡಳಿಯ ನೆರವು ಇದೆ. ಕಾರ್ಡ್ ಇದೆಯಾ ಅಂತ ಕೇಳೋದರಲ್ಲಿ ತಪ್ಪೇನಿಲ್ಲ. ಮಳೆ ಬೀಳುವಾಗ ಹಂಚಿನ ಮೇಲೆ ಹತ್ತಿಸಬೇಡಿ, ಹತ್ತುವಾಗ ಹಗ್ಗ ಕಟ್ಟಿಸಿ.

ಗುತ್ತಿಗೆದಾರ

ಸಾಮಾನು, ಕೂಲಿ, ಸಾಗಾಟ ಎಲ್ಲ ಸೇರಿಸಿ ಒಂದೇ ಮೊತ್ತಕ್ಕೆ ಮಾಡುವವರು. ರೇಟು ಗೌಂಡಿಗಿಂತ ಜಾಸ್ತಿಯೇ ಇರುತ್ತದೆ, ಅದರ ಮೇಲೆ 18% ಜಿಎಸ್‌ಟಿ. 1,00,000 ರೂಪಾಯಿ ಕೆಲಸಕ್ಕೆ 1,18,000 ಬಿಲ್ಲು. ಆದರೂ ದೊಡ್ಡ ಕ್ಲೈಮಿಗೆ ನಾನು ಇವರ ಕಡೆಗೇ ವಾಲುತ್ತೇನೆ. ಒಂದೇ ಎಸ್ಟಿಮೇಟ್, ಒಂದೇ ಬಿಲ್ಲು, ಒಬ್ಬನೇ ಹೊಣೆಗಾರ. ಗೌಂಡಿ, ಬಡಿಗೇರ, ವೈರಿಂಗ್‌ನವನು, ಬಣ್ಣದವನು ನಾಲ್ಕೂ ಜನರ ಹಿಂದೆ ನೀವು ಓಡಾಡಬೇಕಿಲ್ಲ. ನೌಕರಿಗೆ ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ಕೊಟೇಶನ್ ಹೇಗಿರಬೇಕು ಅಂತ ನೀವೇ ಹೇಳಬೇಕು. ‘ಮನೆ ರಿಪೇರಿ ಕೆಲಸ, ಒಟ್ಟು 2 ಲಕ್ಷ’ ಅನ್ನುವ ಒಂದು ಸಾಲಿನ ಕೊಟೇಶನ್ ವಿಮೆಗೆ ಕೆಲಸಕ್ಕೆ ಬಾರದು. ಕೋಣೆ ಕೋಣೆಗೂ, ಐಟಂ ಐಟಂಗೂ ಬೇರೆ ಸಾಲು ಬೇಕು. ತೆರಿಗೆಯೂ ಬೇರೆ ಸಾಲಲ್ಲಿ. ಎಸ್ಟಿಮೇಟ್‌ನಲ್ಲಿ ತೆರಿಗೆ ತೋರಿಸದೆ ಕೊನೆಯ ಬಿಲ್ಲಿನಲ್ಲಿ ಸೇರಿಸಿದರೆ, ಸರ್ವೇಯರ್ ಮೊದಲಿನ ಅಂಕಿಯನ್ನೇ ಹಿಡಿದು ಕೂರುತ್ತಾರೆ. ವಿಮೆಗೆ ಸೇರದ ಕೆಲಸವನ್ನೂ ಈ ನೆಪದಲ್ಲಿ ಮಾಡಿಸುತ್ತಿದ್ದರೆ (ಹೇಗೂ ಬಂದಿದ್ದಾರೆ, ಅಡುಗೆಮನೆ ಟೈಲ್ಸೂ ಹಾಕಿಸೋಣ ಅನ್ನೋದು ಎಲ್ಲ ಮನೆಯ ಮಾತು) ಅದಕ್ಕೆ ಬೇರೆ ಕೊಟೇಶನ್, ಬೇರೆ ಬಿಲ್ಲು. ಎರಡನ್ನೂ ಕಲಸಿಟ್ಟರೆ ನ್ಯಾಯವಾದ ಐಟಂ ಮೇಲೂ ಅನುಮಾನ ಬರುತ್ತದೆ.

ಜಿಎಸ್‌ಟಿ ನಂಬರ್ ಪರೀಕ್ಷಿಸಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಂಬರ್ ಹಾಕಿದರೆ ಹೆಸರು ಬರುತ್ತದೆ, ನೋಂದಣಿ ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ ಅಂತಲೂ ತೋರಿಸುತ್ತದೆ. 15 ಅಕ್ಷರದ ನಂಬರದು. ಕರ್ನಾಟಕದ್ದಾದರೆ 29ರಿಂದ ಶುರು. ನಮಗೆ ಕೊಲ್ಹಾಪುರವೂ ಗೋವಾವೂ ಹತ್ತಿರವಾದ್ದರಿಂದ 27 ಅಥವಾ 30ರಿಂದ ಶುರುವಾಗುವ ಬಿಲ್ಲುಗಳೂ ಕೈಗೆ ಬರಬಹುದು. 27 ಮಹಾರಾಷ್ಟ್ರ, 30 ಗೋವಾ. ಅದೇನು ಮೋಸ ಅಲ್ಲ. ಆದರೆ ಇಲ್ಲೇ ಉದ್ಯಮಬಾಗದಲ್ಲಿ ಅಂಗಡಿ ಇದೆ ಅನ್ನುವವನ ಬಿಲ್ಲಿನಲ್ಲಿ ಬೇರೆ ರಾಜ್ಯದ ನಂಬರ್ ಇದ್ದರೆ ಯಾಕೆ ಅಂತ ಕೇಳಿ. ನಂಬರೇ ಇಲ್ಲದೆ 18% ಸೇರಿಸುವವನನ್ನು ಕೇಳೋದೂ ಬೇಡ, ಬಿಟ್ಟುಬಿಡಿ. ಸಣ್ಣ ವ್ಯವಹಾರದವರಿಗಿರುವ ಜಿಎಸ್‌ಟಿಯ ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರೂ ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ.

‘ಕ್ಲೈಮ್ ಸಮೇತ’ ಮಾಡಿಕೊಡುವವನು

ಗಾಳಿ ಮಳೆ ಆದ ವಾರದಲ್ಲಿ ಇವರು ತಾವಾಗಿ ಬರುತ್ತಾರೆ. ನೀವು ಒಂದು ರೂಪಾಯಿ ಹಾಕಬೇಡಿ, ಸರ್ವೇಯರ್ ನಮ್ಮವರೇ, ಬಂದ ದುಡ್ಡಲ್ಲಿ ನನಗಿಷ್ಟು ಕೊಡಿ ಅನ್ನೋದು ಇವರ ಮಾತು. ಕೇಳೋಕೆ ಹಿತ. ಆದರೆ ಇವರ ಆಟ ನಡೆಯೋದು ಅಂಕಿ ಉಬ್ಬಿಸಿದರೆ ಮಾತ್ರ. ಹತ್ತು ಹಂಚು ಹೋದ ಕಡೆ ನೂರು ಅಂತ ಬರೆಯೋದು, ಹಳೇ ಬಿರುಕನ್ನು ಹೊಸ ಬಿರುಕು ಅನ್ನೋದು. ಸಹಿ ಯಾರದು? ನಿಮ್ಮದು. ಸುಳ್ಳು ಕ್ಲೈಮ್ ಅಂತ ಕಂಡರೆ ಕಂಪನಿ ನಿಜವಾದ ಭಾಗವನ್ನೂ ತಳ್ಳಿಹಾಕಬಹುದು, ಅವನು ಮಾತ್ರ ಮುಂದಿನ ಓಣಿಯಲ್ಲಿರುತ್ತಾನೆ.

ಸರ್ವೇಯರ್‌ಗೆ ಲೈಸೆನ್ಸ್ ಕೊಡೋದು ಐಆರ್‌ಡಿಎಐ, ಫೀ ಕೊಡೋದು ವಿಮಾ ಕಂಪನಿ. ನೀವು ಅವರಿಗೆ ಏನೂ ಕೊಡಬೇಕಿಲ್ಲ. ಜೊತೆಗೆ ಕ್ಲೈಮ್ ತಯಾರಿಸಿ ಕೊಟ್ಟದ್ದಕ್ಕೆ ಆಗುವ ಖರ್ಚನ್ನು ಪಾಲಿಸಿ ಕೊಡುವುದಿಲ್ಲ. ಅಂದರೆ ಇವನ ಕಮಿಷನ್ ಹೋಗೋದು ನಿಮ್ಮ ಸಿಮೆಂಟಿನ ದುಡ್ಡಿನಿಂದಲೇ.

ಖಾಲಿ ಫಾರ್ಮಿಗೆ ಸಹಿ, ಪಾಲಿಸಿಯ ಮೂಲ ಪ್ರತಿ, ಕ್ಯಾನ್ಸಲ್ ಮಾಡಿದ ಚೆಕ್ಕು, ಓಟಿಪಿ, ಇವುಗಳಲ್ಲಿ ಒಂದನ್ನೂ ಇವನ ಕೈಗೆ ಕೊಡಬೇಡಿ.

ಕಂಪನಿಯವರೋ ಏಜೆಂಟರೋ ‘ಇವರು ಚೆನ್ನಾಗಿ ಮಾಡುತ್ತಾರೆ’ ಅಂತ ಯಾರನ್ನಾದರೂ ಸೂಚಿಸಿದರೆ ಅದು ಬೇರೆ. ಅವರ ಕೊಟೇಶನ್ನೂ ತಗೊಳ್ಳಿ, ಬೇರೆ ಎರಡರ ಪಕ್ಕದಲ್ಲಿಟ್ಟು ನೋಡಿ. ಅವರನ್ನೇ ಕರೆಯಬೇಕು ಅಂತ ಹಟ ಹಿಡಿದರೆ ‘ಹಾಗಂತ ಬರೆದುಕೊಡಿ’ ಅನ್ನಿ, ಹೆಚ್ಚಿನ ಕಡೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ.

ಮೊಬೈಲ್ ಆ್ಯಪ್‌ನಲ್ಲಿ ಬುಕ್ ಮಾಡುವ ಕೆಲಸದವರು ನಲ್ಲಿ, ಫ್ಯಾನು, ಗೀಸರ್‌ಗೆ ಸರಿ. ಬಿಲ್ಲು ತಾನಾಗಿ ಬರುತ್ತದೆ ಅನ್ನೋದೊಂದೇ ಲಾಭ. ಮಾಡು ಕಟ್ಟೋಕೆ ಅವರು ಬರುವುದಿಲ್ಲ.

ಎಂಜಿನಿಯರ್ ಎಸ್ಟಿಮೇಟ್ ಬೇಕಾ?

ಬಹಳ ಜನ ಇಲ್ಲಿ ದುಡ್ಡು ಉಳಿಸಲು ನೋಡುತ್ತಾರೆ. ಗೌಂಡಿ ಹೇಳಿದ ಅಂಕಿಯನ್ನೇ ಬಿಳಿ ಹಾಳೆಯಲ್ಲಿ ಬರೆದು ಕೊಡುತ್ತಾರೆ. ಸಣ್ಣ ನಷ್ಟಕ್ಕೆ ನಡೆಯುತ್ತದೆ. ಕಟ್ಟಡದ ಬಲಕ್ಕೆ ಸಂಬಂಧಪಟ್ಟದ್ದಾದರೆ ಒಬ್ಬ ಸಿವಿಲ್ ಎಂಜಿನಿಯರ್ ಕೈಯಲ್ಲಿ ಅಳತೆ ಹಾಕಿಸಿ, ಯಾಕೆ ಹಾಳಾಯಿತು ಅನ್ನೋದನ್ನೂ ಬರೆಸಿ. ನಕ್ಷೆ, ಫೋಟೊ, ಐಟಂ ಪ್ರಕಾರ ಎಸ್ಟಿಮೇಟ್, ಸೀಲು, ಸಹಿ. ಸರ್ವೇಯರ್ ಒಂದು ಅಂಕಿ ಹೇಳಿದಾಗ ‘ಯಾವ ಐಟಂ ಕಡಿಮೆ ಮಾಡಿದಿರಿ, ಯಾಕೆ’ ಅಂತ ಕೇಳಲು ನಿಮ್ಮ ಕೈಯಲ್ಲಿ ಏನಾದರೂ ಬೇಕಲ್ಲ? ರಿಪೇರಿಗೆ ತಗಲುವ ಈ ಎಂಜಿನಿಯರ್ ಫೀಗೇ ಮೊದಲು ಹೇಳಿದ 5% ಇರೋದು. ಅವನ ರಸೀದಿಯನ್ನು ಕ್ಲೈಮಿಗೆ ಸೇರಿಸಿ.

ಎಂಜಿನಿಯರ್ ಮತ್ತು ಗುತ್ತಿಗೆದಾರ ಒಬ್ಬನೇ ಆಗದಿದ್ದರೆ ಇನ್ನೂ ಒಳ್ಳೆಯದು. ಎಸ್ಟಿಮೇಟ್ ಹಾಕಿದವನೇ ಕೆಲಸವನ್ನೂ ಹಿಡಿದರೆ ಅಳತೆ ಪರೀಕ್ಷಿಸುವವರು ಯಾರೂ ಉಳಿಯುವುದಿಲ್ಲ.

ಒಂದು ಉದಾಹರಣೆ: ಹಂಚಿನ ಮಾಡಿಗೆ ಮರ ಬಿತ್ತು

ಮಂಗಳೂರು ಹಂಚಿನ ಹಳೇ ಮನೆ, ಮರದ ಕೊಂಬೆ ಬಿದ್ದು ಒಂದು ಬದಿಯ ಹಂಚು, ರೀಪು, ಪಕಾಸಿ, ಒಂದು ತೊಲೆ ಮುರಿದಿದೆ ಅಂತ ಇಟ್ಟುಕೊಳ್ಳಿ. ಮೂರು ದಾರಿ ಇವೆ.

ಗೌಂಡಿ ಮತ್ತು ಬಡಿಗೇರ ಸೇರಿ ಮೊದಲಿನಂತೆಯೇ ಮಾಡಿಕೊಡುತ್ತೇವೆ ಅನ್ನುತ್ತಾರೆ. ಹಳೇ ಹಂಚಿನ ಅಳತೆಗೆ ಹೊಸ ಹಂಚು ಸರಿಯಾಗಿ ಕೂರದಿದ್ದರೆ, ಕೆಡವಿದ ಮನೆಗಳ ಹಳೇ ಹಂಚು ತರುವುದು ಇವರ ಉಪಾಯ. ಕೆಲಸಕ್ಕೆ ಅದೇ ಸರಿ, ಆದರೆ ಹಳೇ ಸಾಮಾನು ಮಾರುವವನು ಬಿಲ್ಲು ಕೊಡುವುದು ಕಷ್ಟ. ತರುವ ಮೊದಲೇ ಸರ್ವೇಯರ್‌ಗೆ ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ತಿಳಿಸಿ, ರಸೀದಿ ಹೇಗಿದ್ದರೆ ನಡೆಯುತ್ತದೆ ಅಂತ ಬರಹದಲ್ಲಿ ಉತ್ತರ ತಗೊಳ್ಳಿ. ಫೋನಿನಲ್ಲಿ ‘ಆಯ್ತು ಮಾಡ್ರಿ’ ಅಂದದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಎರಡನೆಯವನು ಗುತ್ತಿಗೆದಾರ. ಇಡೀ ಮಾಡು ಬಿಚ್ಚಿ ಕಬ್ಬಿಣದ ಟ್ರಸ್ ಹಾಕಿ ಪತ್ರಾ ಹೊದಿಸೋಣ, ಇನ್ನು ಜೀವಮಾನ ಚಿಂತೆ ಇಲ್ಲ ಅನ್ನುತ್ತಾನೆ. ಕೇಳಿದರೆ ಆಸೆ ಹುಟ್ಟುವಂಥದ್ದೇ. ಆದರೆ ಪಾಲಿಸಿ ಕೊಡೋದು ಮೊದಲಿದ್ದಂತೆ ಮಾಡಲು ಆಗುವ ಖರ್ಚು, ಮೊದಲಿಗಿಂತ ಉತ್ತಮ ಮಾಡಲು ಅಲ್ಲ. ಒಂದು ಬದಿ ಮುರಿದಿದ್ದರೆ ಒಂದು ಬದಿಯ ಹಂಚಿನ ಮಾಡಿನ ಲೆಕ್ಕ. ಪತ್ರಾ ಹಾಕಿಸೋದು ನಿಮ್ಮಿಷ್ಟ, ವ್ಯತ್ಯಾಸ ನಿಮ್ಮ ಜೇಬಿನಿಂದ. ಹಾಗೆ ಮಾಡೋದಾದರೆ ಎಂಜಿನಿಯರ್ ಕೈಯಲ್ಲಿ ಎರಡು ಎಸ್ಟಿಮೇಟ್ ಮಾಡಿಸಿ: ಇದ್ದಂತೆ ಮಾಡಿದರೆ ಎಷ್ಟು, ಹೊಸ ರೀತಿ ಮಾಡಿದರೆ ಎಷ್ಟು. ಮೊದಲನೆಯದನ್ನು ಕ್ಲೈಮಿಗೆ ಕೊಟ್ಟು, ಬದಲಾಯಿಸುವ ವಿಷಯವನ್ನು ಕಂಪನಿಗೆ ಮೊದಲೇ ತಿಳಿಸಿ.

ಮೂರನೆಯ ದಾರಿ ಎರಡನ್ನೂ ಹಂಚೋದು. ಮರ ಕಡಿದು ತೊಲೆ ಕೂರಿಸುವ ತನಕ ಗುತ್ತಿಗೆದಾರ, ಹಂಚು ಹೊದಿಸೋದು ಗೌಂಡಿ. ಇದರಲ್ಲಿ ಸೋರಿದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ನನಗಂತೂ ಬೇಡ. ಹಂಚಿನ ಮನೆಯಾದರೆ ಹಂಚಿನ ಕೆಲಸ ಬಲ್ಲ ಗೌಂಡಿಯನ್ನೇ ಹಿಡಿಯಿರಿ, ಕಾಗದ ನೀವು ನೋಡಿಕೊಳ್ಳಿ. ಆರ್‌ಸಿಸಿ ಮನೆಯಾದರೆ ಗುತ್ತಿಗೆದಾರ.

ಮರ ತೆಗೆಯುವ ವಿಷಯ ಬೇರೆ. ಊರಿನೊಳಗಾದರೆ ಮಹಾನಗರ ಪಾಲಿಕೆಗೆ, ಕ್ಯಾಂಪ್ ಆದರೆ ಕಂಟೋನ್ಮೆಂಟ್ ಬೋರ್ಡಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಘಟನೆ ನಡೆದ ದಿನಕ್ಕೆ ಅದು ಸಾಕ್ಷಿ. ಮರುದಿನದ ಪತ್ರಿಕೆಯಲ್ಲಿ ಆ ಗಾಳಿಮಳೆಯ ಸುದ್ದಿ ಬಂದಿದ್ದರೆ ಕತ್ತರಿಸಿಡಿ.

ವೈರಿಂಗ್ ಮತ್ತು ಪೈಪು

ಇಲ್ಲಿ ರಿಪೇರಿಗಿಂತ ಕಾರಣ ಬರೆದುಕೊಡುವವರು ಮುಖ್ಯ. ಶಾರ್ಟ್ ಸರ್ಕ್ಯೂಟ್‌ನಲ್ಲಿ ಸುಟ್ಟ ಅದೇ ಯಂತ್ರಕ್ಕೆ ಅಥವಾ ಫಿಟಿಂಗಿಗೆ ಸಾಮಾನ್ಯವಾಗಿ ವಿಮೆ ಇರುವುದಿಲ್ಲ, ಅಲ್ಲಿಂದ ಹಬ್ಬಿದ ಬೆಂಕಿ ಬೇರೆಯದನ್ನು ಸುಟ್ಟರೆ ಅದಕ್ಕೆ ಇದೆ. ಈ ಗೆರೆ ಎಲ್ಲಿ ಬೀಳುತ್ತದೆ ಅಂತ ನೋಡಿ ಬರೆಯಲು ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರ ಬೇಕು. ಓಣಿಯ ವೈರಮನ್ ಎಷ್ಟು ಜಾಣನಾದರೂ ಅವನ ಚೀಟಿಗೆ ಆ ತೂಕ ಇಲ್ಲ. ಅಗ್ನಿಶಾಮಕ ದಳ ಬಂದಿದ್ದರೆ ಅವರ ವರದಿಗೂ ಅರ್ಜಿ ಹಾಕಿ. ಪೂರ್ತಿ ವೈರಿಂಗ್ ಹೊಸದಾದರೆ ಕರೆಂಟು ಕಂಪನಿ ಹೆಸ್ಕಾಂ ಕೇಳುವ ಕಾಗದಕ್ಕೂ ಇದೇ ಲೈಸೆನ್ಸ್‌ದಾರ ಬೇಕಾಗುತ್ತಾನೆ.

ಪೈಪಿನಲ್ಲೂ ಹಾಗೇ. ಒಮ್ಮೆಲೇ ಒಡೆದು ನೀರು ನುಗ್ಗಿದ್ದು ಒಂದು, ತುಕ್ಕು ಹಿಡಿದು ತಿಂಗಳುಗಟ್ಟಲೆ ಜಿನುಗಿದ್ದು ಇನ್ನೊಂದು. ಪ್ಲಂಬರ್ ಕಂಡದ್ದನ್ನು ಕಂಡಂತೆ ಬರೆಯಲಿ, ಒಡೆದ ತುಂಡನ್ನು ಚೀಲದಲ್ಲಿ ಕಟ್ಟಿಡಿ.

ದುಡ್ಡು ಯಾವಾಗ, ಹೇಗೆ

ಕ್ಲೈಮಿನ ದುಡ್ಡು ಬಂದ ಮೇಲೆ ಕೊಡುತ್ತೇನೆ ಅಂದರೆ ಯಾವ ಗೌಂಡಿಯೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅವನ ಆಳುಗಳಿಗೆ ವಾರದ ಪಗಾರ ಕೊಡಬೇಕು. ಬೆಳಗಾವಿಯ ಗುತ್ತಿಗೆದಾರರೂ ಹೆಚ್ಚಿನವರು ಕಾಯುವುದಿಲ್ಲ. ಹಾಗಾಗಿ ಕೈಯಲ್ಲಿ ಎಷ್ಟಿದೆ ಅನ್ನೋದರ ಮೇಲೂ ಆಯ್ಕೆ ನಿಲ್ಲುತ್ತದೆ. ದುಡ್ಡು ಕಡಿಮೆ ಇದ್ದರೆ ಕೆಲಸವನ್ನು ಎರಡು ಹಂತ ಮಾಡಿ, ಮಾಡು ಮತ್ತು ಗೋಡೆ ಈಗ, ಗಿಲಾವ್ ಬಣ್ಣ ಆಮೇಲೆ. ಗೌಂಡಿಯ ಲೇಬರ್ ಗುತ್ತಿಗೆಯಲ್ಲಿ ಇದು ಸುಲಭ, ಒಟ್ಟು ಗುತ್ತಿಗೆಯಲ್ಲಿ ಕಷ್ಟ. ಸರ್ವೆ ಆದ ಮೇಲೆ ಭಾಗಶಃ ಹಣ ಮೊದಲೇ ಕೊಡಿ ಅಂತ ಕಂಪನಿಗೆ ಬರೆದು ಕೇಳಬಹುದು. ಕೊಡುತ್ತಾರೋ ಬಿಡುತ್ತಾರೋ, ಕೇಳೋದಕ್ಕೆ ಖರ್ಚಿಲ್ಲ.

ಅಡ್ವಾನ್ಸ್ ಸಾಮಾನು ತರುವಷ್ಟು ಮಾತ್ರ. ಉಳಿದದ್ದು ಕೆಲಸ ಎದ್ದಂತೆ. ಕೊನೆಯ ಒಂದು ಭಾಗ ಜೋರು ಮಳೆ ಒಂದು ಬಂದು ಸೋರದೆ ಹೋದ ಮೇಲೆ ಅಂತ ಮೊದಲೇ ಬರೆದುಕೊಳ್ಳಿ. ಹಂಚಿನ ಕೆಲಸದವರು ಈ ಷರತ್ತಿಗೆ ನಗುತ್ತಾ ಒಪ್ಪಿದರೆ ಒಳ್ಳೇ ಲಕ್ಷಣ. ಒಬ್ಬನಿಗೇ 2 ಲಕ್ಷ ಅಥವಾ ಜಾಸ್ತಿ ನಗದು ಕೊಡಲು ಹೋಗಬೇಡಿ, ಅಷ್ಟು ನಗದು ತಗೊಳ್ಳೋದು ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧ, ದಂಡ ಬೀಳೋದು ತಗೊಂಡವನಿಗೆ.

ಮನೆ ಮೇಲೆ ಸಾಲ ಇದ್ದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತದೆ. ಕ್ಲೈಮ್ ಹಣ ನಿಮ್ಮ ಉಳಿತಾಯ ಖಾತೆಗೆ ಬಾರದೆ ಸಾಲದ ಖಾತೆಗೆ ಹೋಗಿ ಕೂರಬಹುದು. ಗುತ್ತಿಗೆದಾರನಿಗೆ ಮಾತು ಕೊಡುವ ಮೊದಲೇ ಶಾಖೆಗೆ ಹೋಗಿ, ರಿಪೇರಿಗೆ ಬಳಸಲು ಬ್ಯಾಂಕಿನ ಒಪ್ಪಿಗೆ ಪತ್ರ ಕೇಳಿ.

ಅಪಾರ್ಟ್‌ಮೆಂಟಿನವರು ಇನ್ನೊಂದು ನೋಡಬೇಕು. ಟೆರೇಸ್, ಹೊರಗೋಡೆ, ಮೇಲಿನಿಂದ ಬರುವ ಮುಖ್ಯ ಪೈಪು ಸಂಘದ್ದು, ಒಳಗಿನದು ನಿಮ್ಮದು. ಟೆರೇಸ್ ರಿಪೇರಿಗೆ ನೀವು ಒಬ್ಬರೇ ಕೆಲಸದವರನ್ನು ಕರೆದರೆ ಆ ಖರ್ಚು ನಿಮ್ಮ ಪಾಲಿಸಿಯಲ್ಲಿ ಬರುವುದು ಅನುಮಾನ. ಬಾಡಿಗೆಗೆ ಇರುವವರಿಗೆ ಸಾಮಾನಿನ ವಿಮೆ ಮಾತ್ರ, ಗೋಡೆ ಮಾಲೀಕರ ತಲೆನೋವು.

ಬಾಗಲಕೋಟೆ, ವಿಜಯಪುರ ಕಡೆ ಮಾಳಿಗೆ ಮನೆಯವರಿಗೆ (ಮಣ್ಣು ಹಾಕಿದ ಚಪ್ಪಟೆ ಮಾಡಿನ ಮನೆ) ಒಂದು ಮಾತು. ಮಣ್ಣಿನ ಮೇಲ್ಮುದ್ದೆ, ಕಲ್ಲಿನ ಗೋಡೆ ಅನ್ನೋದು ಪಾಲಿಸಿಯ ಕಟ್ಟಡ ವಿವರದಲ್ಲಿ ಹಾಗೇ ಬರೆದಿದೆಯಾ ನೋಡಿ. ಆ ಕೆಲಸ ಬಲ್ಲವರು ಹಳ್ಳಿಯ ಹಿರಿಯ ಗೌಂಡಿಗಳೇ, ಪಟ್ಟಣದ ಗುತ್ತಿಗೆದಾರ ಬಂದರೆ ಮೊದಲ ಮಾತೇ ‘ಕೆಡವಿ ಸ್ಲ್ಯಾಬ್ ಹಾಕೋಣ’. 2019ರ ಆಗಸ್ಟ್ ನೆರೆಯಂಥದ್ದು ಬಂದಾಗ ಸರ್ಕಾರದ ಪರಿಹಾರವೂ ಇರುತ್ತದೆ. ಆಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಗೊತ್ತು ಮಾಡಿತ್ತು. ಕಂದಾಯದವರು ಮಾಡುವ ಪಂಚನಾಮೆಯ ಪ್ರತಿ ತಗೊಂಡಿಡಿ, ವಿಮಾ ಕಂಪನಿಗೂ ಅದು ಬೇಕಾಗುತ್ತದೆ. ಸರ್ಕಾರದಿಂದ ಬಂದದ್ದನ್ನು ಕಂಪನಿ ಕೇಳಿದರೆ ಮುಚ್ಚಿಡಬೇಡಿ.

ಇಷ್ಟೆಲ್ಲ ಮಾಡಿಯೂ ಸರ್ವೇಯರ್ ಅಂಕಿ ಗೌಂಡಿಯ ಬಿಲ್ಲಿಗಿಂತ ತೀರಾ ಕಡಿಮೆ ಬಂದರೆ, ಸರ್ವೆ ವರದಿಯ ಪ್ರತಿ ಕೇಳಿ ಯಾವ ಐಟಂ ಕಡಿದಿದ್ದಾರೆ ನೋಡಿ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಇದೆ, 155255ಕ್ಕೆ ಫೋನೂ ಮಾಡಬಹುದು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್, ಅಂದರೆ ಗಿರಾಕಿ ಮತ್ತು ಕಂಪನಿಯ ವ್ಯಾಜ್ಯ ಬಗೆಹರಿಸುವ ಅಧಿಕಾರಿ. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿದೆ, 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಫೀ ಇಲ್ಲ, ವಕೀಲರೂ ಬೇಕಿಲ್ಲ. ದೂರಿನ ಜೊತೆ ಎಂಜಿನಿಯರ್ ಎಸ್ಟಿಮೇಟ್, ಸರ್ವೆ ವರದಿ, ಸಾಮಾನಿನ ಬಿಲ್ಲು, ಗೌಂಡಿಯ ಅಳತೆ ಇರುವ ರಸೀದಿ ಮತ್ತು ದುಡ್ಡು ಹೋದ ಬ್ಯಾಂಕ್ ಸ್ಟೇಟ್‌ಮೆಂಟಿನ ಪ್ರತಿ ಲಗತ್ತಿಸಿ.